ಯಾರ ನಿದ್ದೆಗೆ ಯಾರ ಮಾತ್ರೆ

ನಮ್ಮ ತಿಪಟೂರಿನ ಯಾವ ಔಷಧಿ ಅಂಗಡಿಯ ಮುಂದೆಯಾದರೂ ಸಂಜೆ ಹೊತ್ತು ಹತ್ತು ನಿಮಿಷ ನಿಂತು ನೋಡಿ. ಡಾಕ್ಟರ ಚೀಟಿ ಹಿಡಿದು ಬರುವವರು ಕೆಲವರಾದರೆ ಬಾಯಿಮಾತಿನಲ್ಲೇ ಕೇಳಿ ಕೊಳ್ಳುವವರು ಅವರಿಗಿಂತ ಹೆಚ್ಚು. "ಮೈಯೆಲ್ಲಾ ಕಡಿತ, ಎರಡು ಮಾತ್ರೆ ಕೊಡಪ್ಪ" ಎನ್ನುತ್ತಾರೆ ಒಬ್ಬರು. "ಬೆಳಿಗ್ಗೆಯಿಂದ ಸೀನು" ಎನ್ನುತ್ತಾರೆ ಇನ್ನೊಬ್ಬರು. ಮೂರನೆಯವರು ದನಿ ತಗ್ಗಿಸಿ, "ಅದೇ, ತಗೊಂಡ್ರೆ ನಿದ್ದೆ ಬರುತ್ತಲ್ಲ, ಅದು" ಎನ್ನುತ್ತಾರೆ. ಅಂಗಡಿಯ ಹುಡುಗ ಎಷ್ಟೋ ಸಲ ಮೂವರಿಗೂ ಒಂದೇ ಡಬ್ಬಕ್ಕೆ ಕೈ ಹಾಕಿ, ಒಂದೇ ಸ್ಟ್ರಿಪ್ಪಿನಿಂದ ಕತ್ತರಿಸಿ ಕೊಡುತ್ತಾನೆ. ಮೊದಲ ಇಬ್ಬರು ಕೇಳಿದ್ದು ತಮಗೆ. ಮೂರನೆಯವರು ಕೇಳಿದ್ದು ಬಹುಮಟ್ಟಿಗೆ ಬೇರೆಯವರಿಗೆ, ಮನೆಯ ಮಗುವಿಗೋ ಮುದುಕಿಗೋ. ದನಿ ತಗ್ಗಿದ್ದು ಅದಕ್ಕೇ ಇರಬೇಕು. ಆ ದನಿ ಏಕೆ ತಗ್ಗುತ್ತದೆ, ತಗ್ಗಬೇಕೆ ಎಂಬುದನ್ನು ಕುರಿತು ನನಗೆ ನಾಲ್ಕು ಮಾತು ಹೇಳಬೇಕಾಗಿದೆ.

ಮಾತ್ರೆಯನ್ನು ಹಳಿಯುವ ಉದ್ದೇಶ ನನಗಿಲ್ಲ. ನಾನು ಹುಡುಗಿಯಾಗಿದ್ದಾಗ ಪಿತ್ತದ ಗಂಧೆ ಎದ್ದರೆ ಅಮ್ಮ ಹಿತ್ತಲಿನ ದೊಡ್ಡಪತ್ರೆ ಸೊಪ್ಪನ್ನು ಕಿವುಚಿ ಮೈಗೆಲ್ಲ ತಿಕ್ಕುತ್ತಿದ್ದಳು. ಅದಕ್ಕೂ ಬಗ್ಗದಿದ್ದರೆ ಕರಿ ಕಂಬಳಿ ಹೊದಿಸಿ ಉಜ್ಜುತ್ತಿದ್ದಳು. ಉಜ್ಜಿದಾಗ ಹಿತ, ಬಿಟ್ಟ ಮೇಲೆ ಉರಿ. ಆಮೇಲೆ ಮನೆಗೆ ಅವಿಲ್ ಮಾತ್ರೆ ಬಂತು. ಅರ್ಧ ಗಂಟೆ, ಮುಕ್ಕಾಲು ಗಂಟೆಯಲ್ಲಿ ಬೆನ್ನ ಮೇಲಿನ ದದ್ದುಗಳು ಇಳಿಯುತ್ತಾ ಹೋದ ಆ ಸುಖವನ್ನು ಅನುಭವಿಸಿದವರೇ ಬಲ್ಲರು. ಮಳೆ ಹಿಡಿದ ಮೇಲೆ ಸ್ಕೂಲಿನ ಕಾಂಪೌಂಡಿನ ಸುತ್ತ ಕಾಂಗ್ರೆಸ್ ಗಿಡ ಬಿಳಿ ಹೂ ಬಿಟ್ಟಾಗ ನಮ್ಮ ಸ್ಟಾಫ್ ರೂಮಿನಲ್ಲಿ ಮೂವರಾದರೂ ಕೆಂಪು ಮೂಗಿನವರು ಇರುತ್ತಾರೆ. ಅವರಿಗೆ ಇಂಥ ಮಾತ್ರೆ ಇಲ್ಲದಿದ್ದರೆ ಆ ತಿಂಗಳುಗಳಲ್ಲಿ ಪಾಠವೇ ಇಲ್ಲ.

ಇದು ಕೆಲಸ ಮಾಡುವ ರೀತಿ ನಮ್ಮ ವಿಜ್ಞಾನದ ಮೇಡಂ ಹೇಳಿದ ಮೇಲೆ ನನಗೆ ಬಹಳ ಹಿಡಿಸಿತು. ನಮ್ಮ ಚರ್ಮದಲ್ಲಿ, ಮೂಗಿನ ಒಳಪದರದಲ್ಲಿ ಕೆಲವು ಜೀವಕೋಶಗಳು ಹಿಸ್ಟಮಿನ್ ಎಂಬ ವಸ್ತುವನ್ನು ಕಟ್ಟಿಟ್ಟುಕೊಂಡು ಕಾದಿರುತ್ತವೆ. ಮೈಗೆ ಒಗ್ಗದ ಹೂಪುಡಿಯೋ ಸೀಗಡಿಯೋ ಒಳಗೆ ಬಂದಾಗ ಗಂಟು ಬಿಚ್ಚುತ್ತವೆ. ಆ ಹಿಸ್ಟಮಿನ್ ಹೋಗಿ ತನ್ನ ಜಾಗದಲ್ಲಿ ಕೂತರೆ ತುರಿಕೆ, ಊತ, ಮೂಗಿನಲ್ಲಿ ನೀರು. ಮಾತ್ರೆ ಹಿಸ್ಟಮಿನ್ನನ್ನು ಕೊಲ್ಲುವುದಿಲ್ಲ. ಅದು ಕೂರುವ ಜಾಗದಲ್ಲಿ ತಾನು ಮೊದಲೇ ಹೋಗಿ ಕೂತುಬಿಡುತ್ತದೆ, ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದ ಹಾಗೆ. (ಜೇನು ಕಚ್ಚಿ ಗಂಟಲು ಕಟ್ಟಿ ಉಸಿರು ಸಿಕ್ಕಿಕೊಂಡಾಗ ಈ ಸೀಟು ಹಿಡಿಯುವ ಆಟ ಸಾಲದು, ಆಗ ಅಡ್ರಿನಲಿನ್ ಸೂಜಿಯೇ ಬೇಕು, ಆಸ್ಪತ್ರೆಗೇ ಓಡಬೇಕು. ಇದನ್ನು ಎಲ್ಲ ತಾಯಂದಿರೂ ತಿಳಿದಿರಬೇಕು.)

ಅದೇ ಹಿಸ್ಟಮಿನ್‌ಗೆ ಮಿದುಳಿನಲ್ಲಿ ಬೇರೆ ಉದ್ಯೋಗವಿದೆ. ನಮ್ಮನ್ನು ಎಚ್ಚರವಾಗಿಡುವುದು ಅದರ ಕೆಲಸಗಳಲ್ಲೊಂದು. ಹಳೆಯ ಮಾತ್ರೆಗಳು ರಕ್ತದಿಂದ ಮಿದುಳಿಗೂ ದಾಟಿ ಅಲ್ಲಿಯೂ ಸೀಟು ಹಿಡಿಯುತ್ತವೆ. ಹಾಗಾಗಿ ತುರಿಕೆಯ ಜೊತೆಗೆ ಎಚ್ಚರವೂ ನಂದುತ್ತದೆ. ಆಮೇಲೆ ಬಂದ ಸೆಟ್ರಿಜಿನ್, ಫೆಕ್ಸೊಫೆನಡಿನ್ ಮೊದಲಾದವು ಮಿದುಳಿಗೆ ದಾಟುವುದು ಕಡಿಮೆ. ಆದರೂ ಸೆಟ್ರಿಜಿನ್ ನುಂಗಿ ತೂಕಡಿಸುವವರನ್ನು ನೀವೂ ನೋಡಿರುತ್ತೀರಿ.

ಇಂಥ ಔಷಧಿಯ ಮೊದಲ ಎಳೆ ಸಿಕ್ಕಿದ್ದು 1937ರಲ್ಲಿ, ಪ್ಯಾರಿಸ್ಸಿನ ಪಾಸ್ಟರ್ ಸಂಸ್ಥೆಯಲ್ಲಿ. ಡೇನಿಯಲ್ ಬೋವೆ ಎಂಬ ವಿಜ್ಞಾನಿಗೆ 1957ರಲ್ಲಿ ನೊಬೆಲ್ ಬಹುಮಾನ ಬಂತು. ಆ ಮೊದಲ ಪ್ರಯೋಗಗಳಲ್ಲಿ ಅವರ ಜೊತೆಗಿದ್ದವರು ಆನ್-ಮರೀ ಸ್ಟೌಬ್ ಎಂಬ ವಿದ್ಯಾರ್ಥಿನಿ. ಅವರ ಹೆಸರನ್ನು ಹುಡುಕಿ ಓದಬೇಕು. ಇರಲಿ, ಇದು ನಮಗೆ ಹೊಸದಲ್ಲ. ಅವರು ಮೊದಲು ಕಂಡದ್ದು ಮನುಷ್ಯರಿಗೆ ಕೊಡಲಾಗದಷ್ಟು ವಿಷದ್ದಾಗಿತ್ತು. 1940ರ ದಶಕದಲ್ಲಿ ಕೊಡಬಹುದಾದವು ಬಂದವು. ಅಮೆರಿಕದಲ್ಲಿ 1946ರಲ್ಲಿ ಬೆನಡ್ರಿಲ್ ಬಂತು. ಆಗಿನಿಂದಲೂ ನಿದ್ದೆ ಬರುವುದನ್ನು ಡಾಕ್ಟರುಗಳು ಸಾಮಾನ್ಯವಾಗಿ ದೋಷವೆಂದು ಬರೆದಿದ್ದಾರೆ. ಗಾಡಿ ಓಡಿಸಬೇಡಿ, ಯಂತ್ರದ ಹತ್ತಿರ ಹೋಗಬೇಡಿ ಎಂದು ಎಚ್ಚರಿಸಿದ್ದಾರೆ. ಅವರು ಅಡ್ಡಪರಿಣಾಮವೆಂದು ಸಣ್ಣಕ್ಷರದಲ್ಲಿ ಅಚ್ಚು ಮಾಡಿದ್ದನ್ನೇ ನಾವು ಮನೆಗಳಲ್ಲಿ ಮುಖ್ಯ ಪರಿಣಾಮ ಮಾಡಿಕೊಂಡೆವು.

ಇಲ್ಲಿಂದ ನನ್ನ ಪ್ರಶ್ನೆ ಶುರುವಾಗುತ್ತದೆ. ನನಗೆ ಕಡಿತವೆಂದು ನಾನು ನುಂಗಿ, ನಿದ್ದೆ ಬಂದು ಮಲಗಿದರೆ ಅದು ನನಗೂ ಮಾತ್ರೆಗೂ ಸಂಬಂಧಿಸಿದ್ದು. ಕಡಿತವಿಲ್ಲದ, ನೆಗಡಿಯಿಲ್ಲದ ಇನ್ನೊಂದು ಜೀವಕ್ಕೆ, ಅದು ಮಲಗಿದರೆ ನನಗೆ ಬಿಡುವೆಂದು ಅದೇ ಮಾತ್ರೆ ಕೊಟ್ಟರೆ? ರೋಗ ಯಾರದು, ಔಷಧಿ ಯಾರಿಗೆ?

ಪ್ರತಿವರ್ಷ ನಾವು ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ಯುತ್ತೇವೆ. ಬೇಲೂರು ಹಳೇಬೀಡು, ಇಲ್ಲವೆ ಹಂಪಿ. ಬಸ್ಸು ಹೊರಡುವ ಮುಂಚೆ ಕೆಲವು ತಾಯಂದಿರು ನನ್ನ ಕೈಗೆ ಅವೊಮಿನ್ ಮಾತ್ರೆಯ ಪೊಟ್ಟಣ ಕೊಡುತ್ತಾರೆ. ಬಸ್ಸಿನಲ್ಲಿ ವಾಂತಿ ಬರುವ ಮಕ್ಕಳಿಗೆ ಅದು ಒಳ್ಳೆಯದೇ. ಅದೂ ಇದೇ ವಂಶದ ಮಾತ್ರೆ. ಆದರೆ ಒಂದು ವರ್ಷ ಒಬ್ಬ ತಾಯಿ, "ಅವನಿಗೆ ವಾಂತಿ ಏನಿಲ್ಲ ಮಿಸ್, ಸುಮ್ನೆ ಕೊಡಿ, ಮಲಗಿಬಿಡ್ತಾನೆ, ನಿಮಗೂ ಆರಾಮ" ಎಂದರು. ಕೆಟ್ಟ ಹೆಂಗಸಲ್ಲ. ನನ್ನ ಮೇಲಿನ ಕನಿಕರದಿಂದಲೇ ಹೇಳಿದ್ದು. ನಾನು ಪೊಟ್ಟಣವನ್ನು ಅವರ ಕೈಗೇ ವಾಪಸು ಕೊಟ್ಟೆ. ಆ ಹುಡುಗ ಹಂಪಿಯವರೆಗೂ ನನ್ನ ತಲೆ ತಿಂದ. ಅದು ಬೇರೆ ಮಾತು.

ಚಿಕ್ಕ ಮಕ್ಕಳ ಮಟ್ಟಿಗೆ ಇದು ಬರೀ ನೀತಿಯ ಪ್ರಶ್ನೆಯೂ ಅಲ್ಲ. ಕೆಲವು ಮಕ್ಕಳಿಗೆ ಇಂಥ ಸಿರಪ್ಪಿನಿಂದ ನಿದ್ದೆಗೆ ಬದಲಾಗಿ ಹುಚ್ಚು ಚಡಪಡಿಕೆ ಹತ್ತುತ್ತದೆ. ಪ್ರೊಮೆಥಜಿನ್ ಎಂಬ ಔಷಧಿ ಎರಡು ವರ್ಷದೊಳಗಿನ ಕೂಸುಗಳಲ್ಲಿ ಉಸಿರನ್ನೇ ಕುಗ್ಗಿಸಬಲ್ಲದೆಂದು 2004ರಲ್ಲಿ ಅಮೆರಿಕದಲ್ಲಿ ಕಠಿಣ ಎಚ್ಚರಿಕೆ ಹಾಕಿಸಿದರು. ನಮ್ಮ ದೇಶದಲ್ಲಿಯೂ 2023ರ ಡಿಸೆಂಬರಿನಲ್ಲಿ ಕೇಂದ್ರದ ಔಷಧ ನಿಯಂತ್ರಕರು, ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಬೆರೆತ ನೆಗಡಿ ಔಷಧಿಗಳ ಮೇಲೆ, ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದೆಂದು ಅಚ್ಚು ಹಾಕಬೇಕೆಂದರು. ಮನೆಯ ಕಪಾಟಿನಲ್ಲಿರುವ ಬಾಟಲಿಯ ಮೇಲಿನ ಆ ಸಾಲನ್ನು ಕನ್ನಡಕ ಹಾಕಿಕೊಂಡು ಓದಿದವರು ಎಷ್ಟು ಮಂದಿಯೋ.

ಇದೆಲ್ಲ ಈ ಕಾಲದ ತಾಯಂದಿರ ಸೋಮಾರಿತನ ಎಂದು ಹಿರಿಯರು ಮೂಗು ಮುರಿಯುವಂತಿಲ್ಲ. ನಮ್ಮ ಅಜ್ಜಿಯರು ಜಾಯಿಕಾಯಿ ತೇಯ್ದು ಕೂಸಿನ ನಾಲಿಗೆಗೆ ಸವರಿದ್ದು ಯಾಕೆ? ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಹೆಂಗಸರು ಕೂಸಿಗೆ ಅಫೀಮಿನ ಗುಳಿಗೆ ಹಾಕಿ ಮಲಗಿಸಿ ಕೆಲಸಕ್ಕೆ ಹೋಗುತ್ತಿದ್ದರೆಂದು 1920ರ ದಶಕದಲ್ಲಿ ವಿಚಾರಣೆ ನಡೆಸಿದವರು ಬರೆದಿಟ್ಟಿದ್ದಾರೆ. ನಾನು ಒಂಬತ್ತನೇ ತರಗತಿಗೆ ಕೈಗಾರಿಕಾ ಕ್ರಾಂತಿಯ ಪಾಠ ಮಾಡುವಾಗ ಇದನ್ನು ಹೇಳಿದರೆ, ಹೆಣ್ಣುಮಕ್ಕಳು "ಅಯ್ಯೋ ಪಾಪಿ" ಎನ್ನುತ್ತಾರೆ. "ಪಾಪಿ ಯಾರಮ್ಮ?" ಎಂದು ಕೇಳುತ್ತೇನೆ. ಸ್ವಲ್ಪ ಹೊತ್ತು ಯಾರೂ ಮಾತಾಡುವುದಿಲ್ಲ. ಹತ್ತು ಗಂಟೆ ಗಿರಣಿಯಲ್ಲಿ ದುಡಿಯುವವಳು ಕೂಸನ್ನು ಯಾರ ಮಡಿಲಿಗೆ ಹಾಕಬೇಕಿತ್ತು? ಅವಳಿಗೆ ಉಪದೇಶ ಮಾಡಿದವರಿಂದ ಆ ಗುಳಿಗೆ ನಿಲ್ಲುವಂತಿರಲಿಲ್ಲ. ಹೆರಿಗೆಗೆ ರಜೆ ಮತ್ತು ಹಣ ಬೇಕಿತ್ತು, ಗಿರಣಿಯ ಒಳಗೇ ತೊಟ್ಟಿಲು ಮತ್ತು ಆಯಾ ಬೇಕಿತ್ತು. ಮುಂಬಯಿ ಪ್ರಾಂತ್ಯದಲ್ಲಿ ಹೆರಿಗೆ ಸೌಲಭ್ಯದ ಕಾನೂನು ಬಂದದ್ದು 1929ರಲ್ಲಿ. ಹೆಂಗಸರು ಹೆಚ್ಚಾಗಿ ದುಡಿಯುವ ಕಾರ್ಖಾನೆಗಳಲ್ಲಿ ಶಿಶುಗಳಿಗೆ ಕೋಣೆ ಇರಬೇಕೆಂದು ದೇಶಕ್ಕೆಲ್ಲ ಕಾಯಿದೆ ಹೇಳಿದ್ದು 1948ರಲ್ಲಿ.

ಜೋಗುಳವೂ ಮಲಗಿಸುವ ಉಪಾಯವೇ ಅಲ್ಲವೆ ಎಂದು ನೀವು ಕೇಳಬಹುದು. ಹೌದು. ಹಾಡುವವಳಿಗೂ ಬೇಗ ಕೆಲಸ ಮುಗಿಯಲಿ ಎಂದೇ ಇರುತ್ತದೆ. ಆದರೆ ಕೂಸು ಮಲಗುವವರೆಗೆ ಅವಳು ಅಲ್ಲೇ ಕೂತಿರಬೇಕು. ಕೂಸಿಗೆ ಹೊಟ್ಟೆನೋವಿದ್ದರೆ, ಇರುವೆ ಕಚ್ಚಿದ್ದರೆ ಅದು ಮಲಗುವುದಿಲ್ಲ, ಅವಳಿಗೆ ತಿಳಿಯುತ್ತದೆ. ಸಿರಪ್ಪು ಕುಡಿದ ಕೂಸು ಇರುವೆ ಕಚ್ಚಿದರೂ ಮಲಗಿಯೇ ಇದ್ದೀತು.

ನಮ್ಮ ವೃತ್ತಿಯವರಿಗೂ ಇದರಲ್ಲಿ ಪಾಲಿದೆ ಎನ್ನಬೇಕು. ಗಲಾಟೆ ಮಾಡುವ ಹುಡುಗನ ಮೇಲೆ ಮನೆಗೆ ದೂರು ಹೋಗುತ್ತದೆ. ದಿನವಿಡೀ ಕಣ್ಣು ಮುಚ್ಚಿ ಮುಚ್ಚಿ ತೆರೆಯುವ ಹುಡುಗಿಯನ್ನು ಸಾಧು ಎಂದು ಹೊಗಳುತ್ತೇವೆ. ಅಂಥ ಒಬ್ಬ ಸಾಧು ಹುಡುಗಿ ದಿನಕ್ಕೆ ಮೂರು ಹೊತ್ತು ನೆಗಡಿಯ ಔಷಧಿ ಕುಡಿದು ಬರುತ್ತಿದ್ದಳೆಂದು ಅರ್ಧ ವರ್ಷವಾದ ಮೇಲೆ ಅವಳ ಅಜ್ಜಿಯ ಬಾಯಿಂದ ತಿಳಿಯಿತು. ಡಾಕ್ಟರು ಔಷಧಿ ಬದಲಾಯಿಸಿದ ಮೇಲೆ ಹುಡುಗಿ ಕ್ಲಾಸಿನಲ್ಲಿ ಮಾತಾಡತೊಡಗಿದಳು, ಪಕ್ಕದವಳ ಜಡೆ ಎಳೆದಳು. ಸುಮ್ಮನಿರುವವರನ್ನು ಕಂಡರೆ ನೆಮ್ಮದಿಯಾಗಿದ್ದಾರೆಂದು ತಿಳಿಯುವುದು ನೋಡುವವರಿಗೆ ಬಹಳ ಅನುಕೂಲ.

ಈ ವಂಶದ ಮಾತ್ರೆಗಳ ಕಥೆಯಲ್ಲಿ ಇದೇ ಗಂಟು ಇನ್ನೂ ದೊಡ್ಡದಾಗಿ ಒಮ್ಮೆ ಬಿದ್ದಿದೆ. ಫ್ರಾನ್ಸಿನ ನೌಕಾಪಡೆಯ ಶಸ್ತ್ರವೈದ್ಯ ಲಾಬೊರಿ, ಆಪರೇಷನ್ನಿಗೆ ಮುಂಚೆ ಪ್ರೊಮೆಥಜಿನ್ ಕೊಟ್ಟ ರೋಗಿಗಳು ನಿದ್ದೆಗಿಂತ ಬೇರೆಯಾದ ಒಂದು ನಿರಾತಂಕದಲ್ಲಿರುವುದನ್ನು ಗಮನಿಸಿದ. ಅದೇ ಜಾಡಿನಲ್ಲಿ 1950ರ ಕೊನೆಗೆ ಕ್ಲೋರ್‌ಪ್ರೊಮಜಿನ್ ತಯಾರಾಯಿತು, 1952ರಲ್ಲಿ ಪ್ಯಾರಿಸ್ಸಿನ ಮಾನಸಿಕ ಆಸ್ಪತ್ರೆ ಸೇರಿತು. ಕಿರುಚಾಟ, ಕಟ್ಟಿಹಾಕುವುದು ಇದ್ದ ವಾರ್ಡುಗಳು ಶಾಂತವಾದವು. ಎಷ್ಟೋ ಜನ ಮನೆಗೆ ಮರಳಿದರು; ಅದನ್ನು ಕಡಿಮೆಯೆನ್ನಲಾಗದು. ರೋಗಿಯ ತಲೆಯೊಳಗಿನ ಗದ್ದಲ ನಿಂತಿತೋ, ವಾರ್ಡಿನ ಗದ್ದಲ ಮಾತ್ರ ನಿಂತಿತೋ ಎಂಬ ವಾದವೂ ಅಂದಿನಿಂದ ನಡೆದುಬಂದಿದೆ. ಒಂದೇ ಮಾತ್ರೆಯಲ್ಲಿ ಎರಡೂ ಇರಬಹುದಲ್ಲ, ಅದೇ ಕಷ್ಟ.

ಈ ಕಷ್ಟ ನನ್ನ ಮನೆಗೆ ಬಂದದ್ದು ನಮ್ಮ ಅತ್ತೆಯ ಮೂಲಕ. ಎಂಬತ್ತು ದಾಟಿದ ಮೇಲೆ ಅವರಿಗೆ ಮರೆವು ಶುರುವಾಯಿತು. ತುರುವೇಕೆರೆ ಹತ್ತಿರದ ಊರಿನಲ್ಲಿ ಮೈದುನ ಮತ್ತು ನನ್ನ ಓರಗಿತ್ತಿಯ ಜೊತೆ ಇದ್ದರು. ಹಗಲು ಹೇಗೋ ಆಗುತ್ತಿತ್ತು. ರಾತ್ರಿ ಒಂದು ಗಂಟೆಗೆ ಎದ್ದು, "ಕರು ಬಿಚ್ಚಿಕೊಂಡಿದೆ, ಹಾಲೆಲ್ಲ ಕುಡಿದುಬಿಡ್ತದೆ" ಎಂದು ಅಗುಳಿ ತೆಗೆದು ಹೊರಡುತ್ತಿದ್ದರು. ದನಗಳನ್ನು ಮಾರಿ ಆರು ವರ್ಷವಾಗಿತ್ತು. ಒಂದು ರಾತ್ರಿ ತೆಂಗಿನ ತೋಟದ ಬಾವಿಯ ಹತ್ತಿರ ಸಿಕ್ಕರು. ಅದಾದ ಮೇಲೆ ಓರಗಿತ್ತಿ ಯಾರೋ ಹೇಳಿದರೆಂದು ಅವಿಲ್ ತರಿಸಿ, ರಾತ್ರಿ ಹಾಲಿನಲ್ಲಿ ಪುಡಿ ಮಾಡಿ ಹಾಕತೊಡಗಿದಳು.

ನಾನು ಭಾನುವಾರ ಹೋದಾಗ ನೋಡಿದ್ದು: ಮಧ್ಯಾಹ್ನ ಹನ್ನೆರಡಕ್ಕೂ ತೂಗುವ ತಲೆ, ಒಣಗಿದ ನಾಲಿಗೆ, ತಡೆದು ತಡೆದು ಬರುವ ಮೂತ್ರ, ಗೋಡೆ ಹಿಡಿದರೂ ತಪ್ಪುವ ಹೆಜ್ಜೆ. ಮರೆವೂ ಹೆಚ್ಚಿದ ಹಾಗಿತ್ತು. ಡಾಕ್ಟರು ಕೇಳಿದ ತಕ್ಷಣ, ಮುದುಕರಿಗೆ ಇದು ಆಗದು ಎಂದರು. ಅಮೆರಿಕದಲ್ಲಿ ಬೀರ್ಸ್ ಎಂಬ ವೈದ್ಯರು 1991ರಲ್ಲಿ ವಯಸ್ಸಾದವರಿಗೆ ಕೊಡಬಾರದ ಔಷಧಿಗಳ ಪಟ್ಟಿ ಶುರುಮಾಡಿದರಂತೆ. ಕಾಲಕಾಲಕ್ಕೆ ತಿದ್ದುತ್ತ ಬಂದ ಆ ಪಟ್ಟಿಯಲ್ಲಿ ಹಳೆ ಕಾಲದ ಈ ಅಲರ್ಜಿ ಮಾತ್ರೆಗಳೂ ಇವೆ. ಬಾಯಿ ಒಣಗಿಸುತ್ತವೆ, ಮಲಮೂತ್ರ ಕಟ್ಟುತ್ತವೆ, ಬುದ್ಧಿಗೆ ಮಂಕು ಕವಿಸುತ್ತವೆ, ಬೀಳಿಸುತ್ತವೆ. ಅದೂ ಅಲ್ಲದೆ ದಿನಾ ಕೊಟ್ಟರೆ ನಿದ್ದೆಯ ಗುಣ ನಾಲ್ಕಾರು ದಿನದಲ್ಲಿ ತಗ್ಗುತ್ತದೆ. ಉಪದ್ರವಗಳು ಮಾತ್ರ ಉಳಿಯಬಹುದು. ಇದನ್ನೆಲ್ಲ ನಾನು ಓರಗಿತ್ತಿಗೆ ಪಾಠ ಒಪ್ಪಿಸಿದ ಹಾಗೆ ಹೇಳಿದೆ. ಅವಳು ಕೊಬ್ಬರಿ ತುರಿಯುತ್ತಿದ್ದವಳು ತಲೆಯೆತ್ತದೆ, "ಅಕ್ಕ, ನೀವು ಭಾನುವಾರ ಬರ್ತೀರಿ, ಸಾಯಂಕಾಲದ ಬಸ್ಸಿಗೆ ಹೋಗ್ತೀರಿ. ರಾತ್ರಿ ಎಲ್ಲಿ ನೋಡಿದ್ದೀರಿ?" ಎಂದಳು.

ಬೇಸಿಗೆ ರಜೆಯಲ್ಲಿ ಅತ್ತೆಯನ್ನು ತಿಪಟೂರಿಗೆ ಕರೆದುಕೊಂಡು ಬಂದೆ. ಡಾಕ್ಟರು ಹೇಳಿದ ಹಾಗೆ ಮಾತ್ರೆ ನಿಂತಿತ್ತು. ಹನ್ನೊಂದು ರಾತ್ರಿ ಇದ್ದರು. ಮೊದಲ ಎರಡು ರಾತ್ರಿ ನನಗೆ ಉತ್ಸಾಹವಿತ್ತು. ಮೂರನೆಯ ರಾತ್ರಿ ಐದು ಸಲ ಎದ್ದರು. ನಾಲ್ಕನೆಯ ರಾತ್ರಿ ಎರಡೂವರೆಗೆ ಅವರ ಕೈ ಹಿಡಿದು ಹಾಲಿನಲ್ಲಿ ಸುತ್ತುತ್ತಿದ್ದಾಗ, ಅಡುಗೆಮನೆಯ ಕಪಾಟಿನ ಯಾವ ಡಬ್ಬದಲ್ಲಿ ನನ್ನ ಗಂಧೆಯ ಮಾತ್ರೆ ಇದೆಯೆಂದು ಕತ್ತಲಲ್ಲೂ ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಕೊಡಲಿಲ್ಲ. ಅದಕ್ಕೆ ನನ್ನ ನೀತಿವಂತಿಕೆ ಕಾರಣವೆಂದು ತಿಳಿಯಬೇಡಿ. ಇನ್ನು ಏಳು ರಾತ್ರಿಗೆ ಮುಗಿಯುತ್ತದೆಂಬ ಲೆಕ್ಕ ನನ್ನಲ್ಲಿತ್ತು. ಓರಗಿತ್ತಿಯ ಬಳಿ ಅಂಥ ಲೆಕ್ಕವೇನೂ ಇರಲಿಲ್ಲ.

ಆ ರಾತ್ರಿಗಳಲ್ಲಿ ಒಂದು ವಿಷಯ ತಿಳಿಯಿತು. "ಕರು ಇಲ್ಲ, ಮಲಗಿ" ಎಂದರೆ ಅವರು ಮಲಗುತ್ತಿರಲಿಲ್ಲ. ದೀಪ ಹಾಕಿ, ಹಿತ್ತಲಿಗೆ ಕರೆದೊಯ್ದು ಒಂದು ಸುತ್ತು ತೋರಿಸಿ, "ಕಟ್ಟಿದೀನಿ ಅತ್ತೆ" ಎಂದರೆ ಸಮಾಧಾನವಾಗಿ ಬಂದು ಮಲಗುತ್ತಿದ್ದರು, ಎರಡು ಗಂಟೆಯಾದರೂ. ಮಧ್ಯಾಹ್ನ ಮಲಗಲು ಬಿಡದೆ ಸೊಪ್ಪು ಬಿಡಿಸಲು ಕೂರಿಸಿದರೆ ಇನ್ನಷ್ಟು ವಾಸಿ. ಇದಕ್ಕೆ ಖರ್ಚಿಲ್ಲ, ಆದರೆ ಎಚ್ಚರವಾಗಿರುವ ಇನ್ನೊಬ್ಬ ಮನುಷ್ಯ ಬೇಕು. ಒಬ್ಬಳೇ ಇಡೀ ವರ್ಷ ಆ ಮನುಷ್ಯಳಾಗಿರಲು ಸಾಧ್ಯವಿಲ್ಲ.

ಹನ್ನೆರಡನೆಯ ದಿನ ಮೂವರು ಗಂಡುಮಕ್ಕಳು, ನಮ್ಮ ನಾದಿನಿ, ಎಲ್ಲರನ್ನೂ ಕೂರಿಸಿಕೊಂಡೆವು. ಗಂಡಸರು ಮೊದಲ ಅರ್ಧ ಗಂಟೆ ಸಲಹೆ ಕೊಟ್ಟರು. ನಾದಿನಿ, "ನಾನೂ ತಿಂಗಳಿಗೆ ಒಂದು ವಾರ ಬರ್ತೀನಿ" ಎಂದ ಮೇಲೆ ಮಾತು ದಾರಿಗೆ ಬಂತು. ವಾರಕ್ಕೆ ಎರಡು ರಾತ್ರಿ ಊರಿನ ಒಬ್ಬ ಹೆಂಗಸು ಬಂದು ಮಲಗುವುದು, ಅವರ ಸಂಬಳ ನಾವು ಮೂರು ಮನೆಯವರು ಹಂಚಿಕೊಳ್ಳುವುದು, ರಜೆಗಳಲ್ಲಿ ನಾನು, ಅಗುಳಿಯನ್ನು ಬಾಗಿಲ ಮೇಲ್ತುದಿಗೆ ಏರಿಸುವುದು. ಎಲ್ಲ ಸರಿಹೋಯಿತೆಂದಲ್ಲ. ಸಂಬಳದ ವಿಷಯಕ್ಕೆ ಮುನಿಸು ಬಂತು, ಒಂದೆರಡು ತಿಂಗಳು ನಾದಿನಿ ಬರಲಿಲ್ಲ. ಮಾತ್ರೆ ಮಾತ್ರ ಮತ್ತೆ ಬರಲಿಲ್ಲ. ಅತ್ತೆ ಇನ್ನೂ ಎರಡು ವರ್ಷ ಇದ್ದು ತೀರಿಕೊಂಡರು.

ನಾನೂ ಓರಗಿತ್ತಿಯೂ ಈ ವಿಷಯವನ್ನು ಇನ್ನೂ ಬಿಟ್ಟಿಲ್ಲ. ಹೋದ ಗೌರಿ ಹಬ್ಬದಲ್ಲಿ ಹೋಳಿಗೆ ತಟ್ಟುತ್ತಾ ಅವಳು ಹೇಳಿದಳು: "ಮಾತ್ರೆ ಹಾಕಿದ ರಾತ್ರಿಗಳಲ್ಲಿ ನಾನು ಮಲಗ್ತಿದ್ದೆ ಅಕ್ಕ. ಅದಕ್ಕೇ ಬೆಳಿಗ್ಗೆ ಸಿಡುಕದೆ ಅವರಿಗೆ ಸ್ನಾನ ಮಾಡಿಸ್ತಿದ್ದೆ. ನಿದ್ದೆ ಇಲ್ಲದಿದ್ದಾಗ ಒಂದು ಸಲ ಕೈ ಎತ್ತಿಬಿಡೋ ಹಾಗಾಗಿತ್ತು. ಅದನ್ನ ನೀವು ಯಾವ ಲೆಕ್ಕಕ್ಕೆ ಬರೀತೀರಿ?"

ಅದು ಸುಳ್ಳಲ್ಲ. ನನಗೆ ಮಾತ್ರೆಗಿಂತ ಹೆಚ್ಚು ಚುಚ್ಚಿದ್ದು ಹಾಲಿನಲ್ಲಿ ಬೆರೆಸಿ ಕೊಟ್ಟದ್ದು ಎಂದೆ. ಹೇಳದೆ ಕೊಟ್ಟದ್ದು.

"ಹೇಳಿದ್ರೆ ಅವರಿಗೆ ತಿಳೀತಿತ್ತಾ?"

"ತಿಳಿಯದಿದ್ದರೂ ಹೇಳಬೇಕಿತ್ತು."

"ತಿಳಿಯದವರಿಗೆ ಹೇಳೋದು ಯಾರ ಸಮಾಧಾನಕ್ಕೆ? ಅದೂ ನಮ್ಮ ನಿದ್ದೆಗೇ ಅಲ್ವಾ ಅಕ್ಕ?"

ನಾನು ಸ್ವಲ್ಪ ಹೊತ್ತು ಹೂರಣದ ಉಂಡೆ ಕಟ್ಟುತ್ತಾ ಕೂತೆ. ಆಮೇಲೆ ತೋಚಿದ್ದನ್ನು ಹೇಳಿದೆ. ಅತ್ತೆಗೆ ಹೇಳಿ ಕೊಡುವವಳು ಗಂಡನಿಗೂ ಹೇಳುತ್ತಾಳೆ, ಡಾಕ್ಟರಿಗೂ ಹೇಳುತ್ತಾಳೆ, ನನಗೂ ಭಾನುವಾರ ಹೇಳುತ್ತಾಳೆ. ಹಾಲಿನಲ್ಲಿ ಬೆರೆಸಿದ ಮೇಲೆ ಯಾರಿಗೂ ಹೇಳಲಾಗುವುದಿಲ್ಲ, ಎಂಟು ತಿಂಗಳು ನೀನೂ ಹೇಳಲಿಲ್ಲ ಎಂದೆ.

"ಕೇಳಿದ್ದಿದ್ರೆ ಹೇಳ್ತಿದ್ನೇನೋ" ಎಂದು ಅವಳು ಹೆಂಚಿನ ಮೇಲಿನ ಹೋಳಿಗೆ ಮಗುಚಿದಳು.